ನೀರಿನ ಲೆಕ್ಕ ಕಲಿಸಿದ ಸರ್ ಎಂ. ವಿಶ್ವೇಶ್ವರಯ್ಯ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸಿಕೊಳ್ಳುತ್ತಿರುವುದು ಸಾಂಗಲಿ-ಮಿರಜ ಪರಿಸರದ ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ. ಈ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ ನಾನು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಆರಿಸಿಕೊಂಡೆನು. ಅವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಮೈಸೂರು ವಿಶ್ವವಿದ್ಯಾನಿಲಯ ಇವೆಲ್ಲ ಪಠ್ಯಪುಸ್ತಕಗಳ ಮೂಲಕ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿವೆ. ಆದರೆ ಮೈಸೂರಿಗೆ ಬರುವುದಕ್ಕೆ ಮುಂಚೆ ಅವರು ಸುಮಾರು ಕಾಲು ಶತಮಾನ ನಮ್ಮ ಸುತ್ತಮುತ್ತಲಿನ ಅಂದಿನ ಮುಂಬಯಿ ಪ್ರಾಂತದಲ್ಲಿ ದುಡಿದರೆಂಬುದೂ, ಆ ದುಡಿಮೆಯ ಬಹುಭಾಗವು ಜನರಿಗೆ ಶುದ್ಧವಾದ ನೀರನ್ನು ಒದಗಿಸುವುದಕ್ಕೂ ಇದ್ದ ನೀರನ್ನು ಹಾಳಾಗದಂತೆ ಕಾಯುವುದಕ್ಕೂ ಮೀಸಲಾಗಿತ್ತೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕೃಷ್ಣೆಯ ದಂಡೆಯಲ್ಲಿದ್ದುಕೊಂಡೂ ನೀರಿಗಾಗಿ ಚಿಂತಿಸಬೇಕಾಗಿರುವ ನಾವು ಅವರ ಬಾಳಿನ ಈ ಭಾಗವನ್ನು ತಿಳಿದುಕೊಳ್ಳುವುದು ಅವಶ್ಯವೆಂದು ನಾನು ಭಾವಿಸಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಶ್ವೇಶ್ವರಯ್ಯನವರು ಜನಿಸಿದ್ದು 1860ರ ದಶಕದ ಆರಂಭದಲ್ಲಿ, ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ಇಂದು ದೇಶವೆಲ್ಲ ಇಂಜಿನಿಯರರ ದಿನವೆಂದು ಆಚರಿಸುತ್ತಿದೆ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಜರು ಇಂದಿನ ಆಂಧ್ರ ಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದುದರಿಂದ ಮನೆಯ ಮಾತು ತೆಲುಗು, ನಾಡಿನ ಮಾತು ಕನ್ನಡ. ಮನೆಯಲ್ಲೊಂದು ನುಡಿ, ಬೀದಿಯಲ್ಲೊಂದು ನುಡಿ ಎಂಬ ಸ್ಥಿತಿ ಗಡಿಭಾಗದ ನಮಗೆ ಹೊಸದಲ್ಲ. ಅದರಿಂದ ವಿದ್ಯೆಗೆ ಅಡ್ಡಿಯಾಗದೆಂಬುದಕ್ಕೆ ಅವರೇ ಸಾಕ್ಷಿ.

ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಬೆಂಗಳೂರಿನಲ್ಲಿದ್ದ ಸೋದರಮಾವನವರು ಆಸರೆಯಾದರು. ಶ್ರೀಮಂತರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನಿಭಾಯಿಸಿಕೊಂಡು ಅವರು ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಪದವಿಯನ್ನು ಪಡೆದರು. ಬಳಿಕ ಮೈಸೂರು ಸರಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನದಲ್ಲಿ ಉತ್ತೀರ್ಣರಾದರು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ನೇಮಕಗೊಂಡರು. ಬಡ ಕುಟುಂಬದ ಮಗನೊಬ್ಬನಿಗೆ ಸಕಾಲದಲ್ಲಿ ದೊರೆತ ಒಂದು ವಿದ್ಯಾರ್ಥಿವೇತನವು ಮುಂದೆ ಎಷ್ಟು ಊರುಗಳ ದಾಹವನ್ನು ಹಿಂಗಿಸಿತೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನುಕೂಲಸ್ಥರಾದವರು ಗಮನಿಸಬೇಕು.

ಕೆಸರು ನೀರು ತಿಳಿಯಾದ ಬಗೆ

ಸೇವೆಯ ಮೊದಲ ವರ್ಷಗಳಲ್ಲಿಯೇ ಖಾನದೇಶದ ಧುಳೆ ಭಾಗದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ, ನೀರನ್ನು ಕೊಳವೆಯ ಮೂಲಕ ನದಿಯನ್ನು ದಾಟಿಸುವ ಕೆಲಸ ಅವರ ಪಾಲಿಗೆ ಬಂದಿತು. ಮಳೆಗಾಲದ ಪ್ರವಾಹ ಬಂದು ಕೆಲಸಕ್ಕೆ ಅಡ್ಡಿಯಾದರೂ ಅದನ್ನು ಪೂರ್ಣಗೊಳಿಸಿ ಮೇಲಧಿಕಾರಿಗಳ ಮೆಚ್ಚುಗೆಗೆ ಪಾತ್ರರಾದರು. ಆದರೆ ಅವರ ಪ್ರತಿಭೆ ಎಲ್ಲರ ಕಣ್ಣಿಗೆ ಬಿದ್ದುದು ಈಗ ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತದ ಸಕ್ಕರ್ ನಗರದಲ್ಲಿ.

ಸಕ್ಕರ್ ಸಿಂಧೂ ನದಿಯ ದಂಡೆಯ ಮೇಲಿನ ಊರು. ನೀರಿಗೆ ಕೊರತೆಯಿಲ್ಲ; ಆದರೆ ಆ ನೀರು ಹೂಳಿನಿಂದ ತುಂಬಿದ ಕೆಸರು ನೀರು. ಶೋಧಿಸುವ ಕುಂಡಗಳನ್ನು ಕಟ್ಟೋಣವೆಂದರೆ ಅಲ್ಲಿನ ನಗರಸಭೆಯ ಬಳಿ ಹಣವಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೆಗೆಸಿದರು. ನದಿಯ ನೀರು ಮರಳಿನ ಪದರಗಳೊಳಗಿಂದ ಮೆಲ್ಲಗೆ ಜಿನುಗಿ ಬಾವಿಗೆ ಇಳಿಯುವಷ್ಟರಲ್ಲಿ ಅದರ ಹೂಳೆಲ್ಲ ಹಿಂದೆ ಉಳಿದು ನೀರು ತಿಳಿಯಾಗುತ್ತಿತ್ತು. ಆ ತಿಳಿನೀರನ್ನು ಯಂತ್ರದಿಂದ ಮೇಲೆತ್ತಿ ಊರಿಗೆ ಹಂಚಲಾಯಿತು. 1895ರಲ್ಲಿ ಈ ಯೋಜನೆ ಪೂರ್ಣಗೊಂಡಿತು. ನಿಸರ್ಗವು ತಾನಾಗಿ ಮಾಡುವ ಕೆಲಸವನ್ನು ಅದರಿಂದಲೇ ಮಾಡಿಸಿಕೊಂಡ ಜಾಣ್ಮೆ ಇದು.

ಇದನ್ನು ನಾನು ವಿದ್ಯಾರ್ಥಿಗಳಿಗೆ ಹೇಳುವಾಗಲೆಲ್ಲ ನಮ್ಮ ಹಿರಿಯರ ಪದ್ಧತಿಯನ್ನೂ ಜೋಡಿಸಿ ಹೇಳುತ್ತಿದ್ದೆನು. ಹಳ್ಳ ಬತ್ತಿದ ಮೇಲೆ ಅದರ ಮರಳಿನಲ್ಲಿ ವರತೆ ತೋಡಿ, ಒರತ ನೀರನ್ನು ತಂಬಿಗೆಯಿಂದ ಮೊಗೆದು ಕೊಡ ತುಂಬಿಸುವುದು ಜತ್ತ ಭಾಗದ ನನ್ನ ಹಳ್ಳಿಯ ಹೆಣ್ಣುಮಕ್ಕಳಿಗೆ ನಿತ್ಯದ ಕೆಲಸವಾಗಿತ್ತು. ಸಕ್ಕರಿನ ಬಾವಿಯೂ ನಮ್ಮ ವರತೆಯೂ ಒಂದೇ ತತ್ತ್ವದವು. ಆದರೆ ಎಲ್ಲರೂ ವರತೆಯ ನೀರನ್ನೇ ಕುಡಿಯುತ್ತಿರಲಿಲ್ಲ. ಮೆಟ್ಟಿಲು ಬಾವಿಗಿಳಿದು, ಕಾಲು ತೊಳೆದ ನೀರನ್ನೇ ತುಂಬಿಕೊಂಡು ಬರುತ್ತಿದ್ದ ಆ ಕಾಲದಲ್ಲಿ ನಾರುಹುಣ್ಣು ನಮ್ಮ ಕಡೆ ಮನೆಮನೆಯ ರೋಗವಾಗಿತ್ತು. ಕಾಲಿನಿಂದ ದಾರದಂತಹ ಹುಳು ಹೊರಬರುವಾಗ ದುಡಿಯುವ ಗಂಡಸರು ಸುಗ್ಗಿಯ ದಿನಗಳಲ್ಲಿಯೇ ಹಾಸಿಗೆ ಹಿಡಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರೋಗಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಮೆಟ್ಟಿಲು ಬಾವಿಗಳ ಬದಲು ಕೊಳವೆಬಾವಿ ಮತ್ತು ಕಟ್ಟೆಯುಳ್ಳ ಬಾವಿಗಳನ್ನು ಬಳಸುವುದು, ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸುವುದು, ಹುಣ್ಣಿದ್ದವರು ನೀರಿಗೆ ಇಳಿಯದಿರುವುದು ಇಷ್ಟರಿಂದಲೇ ಅದು ದೇಶವನ್ನು ಬಿಟ್ಟು ತೊಲಗಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ನಾರುಹುಣ್ಣಿನಿಂದ ಮುಕ್ತವಾದ ದೇಶವೆಂದು ಘೋಷಿಸಿತು. ಜನರಿಗೆ ತಿಳಿವಳಿಕೆ ಕೊಡುವುದು ಎಷ್ಟು ದೊಡ್ಡ ಔಷಧಿಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಳಿಸಿದ ನೀರು, ಹಂಚಿದ ನೀರು

ಸಕ್ಕರಿನ ಬಳಿಕ ಸೂರತ್ತಿನಲ್ಲಿ ಸೇವೆ ಸಲ್ಲಿಸಿ ಅವರು ಪುಣೆಗೆ ಬಂದರು. ಇಲ್ಲಿಂದ ಮುಂದಿನ ಕಥೆ ನಮ್ಮ ಕೃಷ್ಣೆಯ ಬಳಗದ ಕಥೆ. ಪುಣೆಯ ಮುಠಾ ನದಿಯೂ ನೀರಾ ನದಿಯೂ ಭೀಮೆಯನ್ನು ಕೂಡುತ್ತವೆ. ಭೀಮೆ ಕೃಷ್ಣೆಯನ್ನು ಕೂಡುತ್ತಾಳೆ.

ಮುಠಾ ನದಿಗೆ ಕಟ್ಟಿದ ಖಡಕವಾಸಲಾ ಜಲಾಶಯವು ಪುಣೆ ನಗರಕ್ಕೆ ಕುಡಿಯುವ ನೀರನ್ನೂ ಕಾಲುವೆಗಳಿಗೆ ಸಾಗುವಳಿಯ ನೀರನ್ನೂ ಕೊಡುತ್ತಿತ್ತು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರಿಗೆ ಬರ. ಕಟ್ಟೆಯನ್ನು ಎತ್ತರಿಸಲು ಅಪಾರ ವೆಚ್ಚ. ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ತಾವಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೆ ಅವು ಮುಚ್ಚಿಕೊಂಡಿದ್ದು ನೀರನ್ನು ತಡೆಯುತ್ತವೆ. ಪ್ರವಾಹ ಬಂದು ಮಟ್ಟ ಮೀರಿದೊಡನೆ ತೂಕದ ಏರ್ಪಾಡಿನಿಂದ ತಾವೇ ತೆರೆದುಕೊಂಡು ಹೆಚ್ಚಿನ ನೀರನ್ನು ಬಿಟ್ಟುಬಿಡುತ್ತವೆ. ಮಟ್ಟ ಇಳಿದರೆ ಮತ್ತೆ ಮುಚ್ಚಿಕೊಳ್ಳುತ್ತವೆ. 1903ರಲ್ಲಿ ಇವುಗಳನ್ನು ಅಳವಡಿಸಿದಾಗ ಕಟ್ಟೆಗೆ ಕಲ್ಲು ಪೇರಿಸದೆಯೇ ಸುಮಾರು ಎಂಟು ಅಡಿ ಹೆಚ್ಚು ನೀರು ನಿಲ್ಲತೊಡಗಿತು. ಈ ಆವಿಷ್ಕಾರಕ್ಕೆ ಪೇಟೆಂಟ್ ದೊರೆತರೂ, ಸರಕಾರದ ಸೇವೆಯಲ್ಲಿದ್ದು ಮಾಡಿದ ಕೆಲಸಕ್ಕೆ ಪ್ರತ್ಯೇಕ ಹಣವನ್ನು ಅವರು ಸ್ವೀಕರಿಸಲಿಲ್ಲ. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟಿನಲ್ಲಿಯೂ ಕನ್ನಂಬಾಡಿಯಲ್ಲಿಯೂ ಇಂತಹ ಬಾಗಿಲುಗಳು ಬಂದವು.

ನೀರನ್ನು ಕೂಡಿಡುವುದು ಅರ್ಧ ಕೆಲಸ. ಅದನ್ನು ಹಂಚುವುದು ಉಳಿದರ್ಧ. ನೀರಾ ಕಾಲುವೆಯಲ್ಲಿ ಮೇಲಿನ ಊರಿನವರು ಬೇಕಾದಷ್ಟು ನೀರು ಹರಿಸಿಕೊಂಡು ಕಬ್ಬು ಬೆಳೆಯುವುದು, ಕೆಳಗಿನವರು ಬರಿಯ ಕಾಲುವೆಯನ್ನು ನೋಡುತ್ತ ಕೂಡುವುದು ಎಂಬ ಸ್ಥಿತಿಯಿತ್ತು. ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯನ್ನು ಜಾರಿಗೆ ತಂದರು. ಪ್ರತಿ ಹಳ್ಳಿಯ ಜಮೀನಿನಲ್ಲಿ ಇಂತಿಷ್ಟೇ ಪ್ರದೇಶವನ್ನು ಬ್ಲಾಕುಗಳಾಗಿ ಗುರುತಿಸಿ, ಅದರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದ ಪಾಲುಗಳಿಗೆ ಕಡಿಮೆ ನೀರಿನ ಪೈರುಗಳು ಎಂದು ಗೊತ್ತುಮಾಡಿ, ವರ್ಷ ವರ್ಷಕ್ಕೆ ಅದನ್ನು ಸರದಿಯಂತೆ ಬದಲಿಸುವುದು ಇದರ ಕ್ರಮ. ಇದರಿಂದ ಅದೇ ನೀರು ಹೆಚ್ಚು ಹಳ್ಳಿಗಳಿಗೆ ತಲುಪಿತು. ಭೂಮಿ ಸದಾ ನೆನೆದು ಕೆಡುವುದೂ ತಪ್ಪಿತು. ಮೊದಲಿಗೆ ರೈತರು ಸಂಶಯಪಟ್ಟರೂ ಪ್ರಯೋಜನವನ್ನು ಕಂಡ ಬಳಿಕ ಒಪ್ಪಿಕೊಂಡರು.

ಈ ಮಾತು ನಮ್ಮ ಜಿಲ್ಲೆಗೆ ಎಷ್ಟು ಹತ್ತಿರದ್ದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಿರಜ, ವಾಳವಾ ಮತ್ತು ಪಕ್ಕದ ಶಿರೋಳ ತಾಲೂಕುಗಳಲ್ಲಿ ಕಬ್ಬಿಗೆ ಅಳತೆಯಿಲ್ಲದೆ ನೀರುಣಿಸಿ ಬಂಗಾರದಂತಹ ಕರಿಭೂಮಿ ಸವಳು-ಜವಳಾಗಿ ಬಿಳಿಯ ಉಪ್ಪು ಕಾರಿಕೊಂಡು ಬಿದ್ದಿದೆ. ಅದೇ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ನಮ್ಮ ಕನ್ನಡದ ಹಳ್ಳಿಗಳಲ್ಲಿ, ಜನರು ವರ್ಷಾನುಗಟ್ಟಲೆ ಟ್ಯಾಂಕರಿನ ದಾರಿ ಕಾಯ್ದಿದ್ದಾರೆ. ಮಿರಜ ತಾಲೂಕಿನ ಮ್ಹೈಸಾಳದಿಂದ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತಿ ಒಯ್ಯುವ ಯೋಜನೆಯ ನೀರು ಎಲ್ಲ ಗಡಿಹಳ್ಳಿಗಳಿಗೂ ತಲುಪಬೇಕೆಂಬ ಬೇಡಿಕೆ 2022ರಲ್ಲಿ ದೊಡ್ಡ ಕೂಗಾಗಿ ಎದ್ದುದು ಎಲ್ಲರಿಗೂ ನೆನಪಿದೆ. ಒಂದೆಡೆ ನೀರು ಹೆಚ್ಚಾಗಿ ಕೆಟ್ಟ ಭೂಮಿ, ಇನ್ನೊಂದೆಡೆ ನೀರಿಲ್ಲದೆ ಒಣಗಿದ ಭೂಮಿ. ಕೊರತೆ ನೀರಿನದಷ್ಟೇ ಅಲ್ಲ, ಲೆಕ್ಕದ್ದೂ ಹೌದು.

ಊರೂರಿನ ಆರೋಗ್ಯದ ಕಾವಲುಗಾರ

1904ರಲ್ಲಿ ಮುಂಬಯಿ ಸರಕಾರವು ವಿಶ್ವೇಶ್ವರಯ್ಯನವರನ್ನು ಸ್ಯಾನಿಟರಿ ಇಂಜಿನಿಯರ್ ಹುದ್ದೆಗೆ ನೇಮಿಸಿತು. ಊರುಗಳಿಗೆ ಶುದ್ಧವಾದ ನೀರು ಬರುವುದನ್ನೂ ಹೊಲಸು ನೀರು ಊರಿನಿಂದ ಹೊರಹೋಗುವುದನ್ನೂ ನೋಡಿಕೊಳ್ಳುವ ಹುದ್ದೆ ಇದು. ಕೊಲ್ಹಾಪುರ, ಬೆಳಗಾವಿ, ಧಾರವಾಡ ಮತ್ತು ಇಂದು ವಿಜಯಪುರವೆನಿಸಿಕೊಂಡಿರುವ ವಿಜಾಪುರ ಮೊದಲಾದ ನಮ್ಮ ನೆರೆಯ ಊರುಗಳ ಕುಡಿಯುವ ನೀರಿನ ಯೋಜನೆಗಳಲ್ಲಿ ಅವರ ಕೈವಾಡವಿದೆ. 1906ರಲ್ಲಿ ಅವರನ್ನು ಏಡನ್ನಿಗೂ ಕಳುಹಿಸಲಾಯಿತು. ಮಳೆಯೇ ಅಪರೂಪವಾದ ಆ ಬಂದರಿಗೆ, ಉತ್ತರಕ್ಕಿರುವ ಲಾಹೆಜ್ ಪ್ರದೇಶದ ನದೀಪಾತ್ರದಲ್ಲಿ ಬಾವಿ ತೆಗೆದು ನೀರು ತರುವ ಯೋಜನೆಯನ್ನು ಅವರು ಸೂಚಿಸಿದರು. ಸಕ್ಕರಿನಲ್ಲಿ ಕಲಿತ ಪಾಠ ಇಲ್ಲಿಯೂ ಉಪಯೋಗಕ್ಕೆ ಬಂದಿತು.

ನೀರು ತರುವ ಕೊಳವೆಗೂ ಹೊಲಸು ಒಯ್ಯುವ ಗಟಾರಕ್ಕೂ ಅವರು ಸಮಾನ ಮಹತ್ತ್ವ ಕೊಟ್ಟರೆಂಬುದನ್ನು ನಾವು ಮರೆಯಬಾರದು. ನಾನು ಮುಖ್ಯಾಧ್ಯಾಪಕನಾಗಿದ್ದಾಗ ಒಂದು ಮಳೆಗಾಲದಲ್ಲಿ ಒಂದೇ ಓಣಿಯ ಹದಿನೇಳು ಮಕ್ಕಳು ಕಾಮಾಲೆಯಿಂದ ಶಾಲೆ ತಪ್ಪಿಸಿದರು. ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ವಿಚಾರಿಸಿದಾಗ ಆ ಓಣಿಯ ನಳದ ಪೈಪು ತೆರೆದ ಗಟಾರದೊಳಗಿಂದಲೇ ಹಾದುಹೋಗಿ, ತುಕ್ಕು ಹಿಡಿದು ತೂತು ಬಿದ್ದಿತ್ತೆಂಬುದು ತಿಳಿಯಿತು. ಪಾಲಕರೂ ಶಿಕ್ಷಕರೂ ಕೂಡಿ ಅರ್ಜಿ ಕೊಟ್ಟು ಬೆನ್ನುಹತ್ತಿದ ಮೇಲೆ ಪೈಪು ಬದಲಾಯಿತು. ಆದರೆ ಅಷ್ಟರಲ್ಲಿ ನಾಲ್ಕನೆಯ ಇಯತ್ತೆಯ ಒಬ್ಬ ಬಾಲಕಿಯನ್ನು ನಾವು ಕಳೆದುಕೊಂಡಿದ್ದೆವು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದಿನ ಖಾಲಿ ಮನೆಗಳನ್ನು ನೋಡುವುದು ಆ ವರ್ಷವೆಲ್ಲ ನನಗೆ ಕಷ್ಟವಾಗಿತ್ತು. ಕುಡಿಯುವ ನೀರಿನ ವಿಷಯ ಕೇವಲ ಇಂಜಿನಿಯರರದಲ್ಲ, ಶಾಲೆಯದೂ ಮನೆಯದೂ ಹೌದೆಂದು ನಾನು ಅಂದಿನಿಂದ ಹೇಳುತ್ತ ಬಂದಿದ್ದೇನೆ.

ಪ್ರವಾಹದ ಪಾಠ

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಮೂಸಿಯೂ ಕೃಷ್ಣೆಯ ಉಪನದಿಯೇ. ಅದೇ ತಾನೆ ಮುಂಬಯಿ ಸರಕಾರದ ಸೇವೆಯಿಂದ ಬಿಡುಗಡೆ ಹೊಂದಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರಕಾರವು ಕರೆಸಿಕೊಂಡಿತು. ಅವರು 1909ರಲ್ಲಿ ಬಂದು, ನದಿಯ ಜಲಾನಯನ ಪ್ರದೇಶದ ಮಳೆಯ ಲೆಕ್ಕವನ್ನೂ ಒಡೆದುಹೋದ ಕೆರೆಗಳ ಲೆಕ್ಕವನ್ನೂ ಕಲೆಹಾಕಿದರು. ನಗರದ ಮೇಲ್ಭಾಗದಲ್ಲಿ ಮೂಸಿಗೂ ಅದರ ಉಪನದಿ ಈಸಿಗೂ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಹಿಡಿಯಬೇಕೆಂದೂ, ನಗರಕ್ಕೆ ಒಳಚರಂಡಿಯ ವ್ಯವಸ್ಥೆ ಮಾಡಬೇಕೆಂದೂ ಸಲಹೆ ಕೊಟ್ಟರು. ಅದರಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡು, ಊರನ್ನು ಮುಳುಗಿಸಿದ್ದ ನೀರೇ ಊರಿಗೆ ಕುಡಿಯುವ ನೀರಾಯಿತು.

2005, 2019 ಮತ್ತು 2021ರ ಮಹಾಪೂರಗಳನ್ನು ಕಂಡ ಸಾಂಗಲಿಯವರಿಗೆ ಇದರ ಅರ್ಥ ಬೇಗ ಆಗುತ್ತದೆ. 2019ರ ಆಗಸ್ಟಿನಲ್ಲಿ ಸುತ್ತಲೂ ನೀರು, ಆದರೆ ಕುಡಿಯಲು ಒಂದು ಬಿಂದಿಗೆ ಶುದ್ಧ ನೀರಿಲ್ಲ ಎಂಬ ಸ್ಥಿತಿ ನಮ್ಮದಾಗಿತ್ತು. ಅದಕ್ಕೆ ಮೂರೇ ವರ್ಷ ಹಿಂದೆ, 2016ರ ಏಪ್ರಿಲಿನಲ್ಲಿ, ಇದೇ ಮಿರಜದಿಂದ ಕೃಷ್ಣೆಯ ನೀರನ್ನು ರೈಲಿನಲ್ಲಿ ತುಂಬಿ ಬರಗಾಲಕ್ಕೆ ತುತ್ತಾಗಿದ್ದ ಲಾತೂರಿಗೆ ಕಳುಹಿಸಲಾಯಿತು. ಮೊದಲ ಗಾಡಿಯಲ್ಲಿ ಹತ್ತು ಡಬ್ಬಿಗಳಲ್ಲಿ ಸುಮಾರು 5 ಲಕ್ಷ ಲೀಟರ್, ಬಳಿಕ ಐವತ್ತು ಡಬ್ಬಿಗಳ ಗಾಡಿಯಲ್ಲಿ ಸುಮಾರು 25 ಲಕ್ಷ ಲೀಟರ್ ನೀರು ಹೋಯಿತು. ನೆರೆಯವರ ದಾಹಕ್ಕೆ ಒದಗಿದ ಈ ನೀರು ನಮಗೆ ಹೆಮ್ಮೆಯನ್ನು ತಂದಿತು; ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು. ರೈಲಿನಲ್ಲಿ ನೀರು ತರಿಸಿಕೊಳ್ಳುವ ಗತಿ ಯಾವ ಊರಿಗೂ ಬರಬಹುದು.

ಮೈಸೂರಿನ ಸೇವೆ ಮತ್ತು ಕೊನೆಯ ದಿನಗಳು

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಮದರಾಸು ಸರಕಾರದ ಆಕ್ಷೇಪದಿಂದಾಗಿ ಮೊದಲಿಗೆ ಕಡಿಮೆ ಎತ್ತರಕ್ಕೆ ಮಾತ್ರ ಅನುಮತಿ ದೊರೆತರೂ, ಮುಂದಿನ ಪೂರ್ಣ ಎತ್ತರವನ್ನು ಹೊರಬಲ್ಲ ತಳಹದಿಯನ್ನೇ ಅವರು ಹಾಕಿಸಿದರು. ಕಟ್ಟೆ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡು ಮಂಡ್ಯದ ಬರಡು ನೆಲ ಹಸಿರಾಯಿತು. ಈ ಹಸಿರಿಗಾಗಿ ತಮ್ಮ ಮನೆ, ಹೊಲ, ಗುಡಿಗಳನ್ನು ನೀರಿಗೆ ಒಪ್ಪಿಸಿ ಹೋದ ಹಳ್ಳಿಗಳ ಜನರನ್ನೂ ನಾವು ಕೃತಜ್ಞತೆಯಿಂದ ನೆನೆಯಬೇಕು. ಅಲ್ಲಿನ ದೊಡ್ಡ ಕಾಲುವೆಗೆ ಮೊದಲು ಇರ್ವಿನ್ ಕಾಲುವೆಯೆಂಬ ಹೆಸರಿತ್ತು. ಈಗ ಅದು ವಿಶ್ವೇಶ್ವರಯ್ಯ ಕಾಲುವೆ. ನಮ್ಮ ಸಾಂಗಲಿಯಲ್ಲಿ 1929ರಲ್ಲಿ ಕೃಷ್ಣೆಯ ಮೇಲೆ ಆರಂಭಗೊಂಡ ಸೇತುವೆಗೂ ಅದೇ ವೈಸರಾಯರ ಹೆಸರಿದೆ. ಆ ಸೇತುವೆಯ ಬಳಿಯ ಅಳತೆಗೋಲಿನ ಮೇಲೆ ನೀರಿನ ಮಟ್ಟ ಎಷ್ಟೆಂದು ಮಳೆಗಾಲದಲ್ಲಿ ನಾವೆಲ್ಲ ಕೇಳಿ ತಿಳಿಯುತ್ತೇವೆ. ಬೇಸಿಗೆಯಲ್ಲಿಯೂ ಕೇಳಿ ತಿಳಿಯುವ ಅಭ್ಯಾಸ ಬಂದರೆ ಒಳ್ಳೆಯದು.

ಅವರ ದಿವಾನಗಿರಿಯ ಕಾಲದಲ್ಲಿ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ಸ್ಥಾಪನೆಯಾದವು. ಕನ್ನಡ ಶಾಲೆಯೊಂದರ ಸಂಚಿಕೆಯಲ್ಲಿ ಈ ಉಪಕಾರವನ್ನು ಸ್ಮರಿಸದಿದ್ದರೆ ಲೋಪವಾದೀತು. ಇಳಿವಯಸ್ಸಿನಲ್ಲಿಯೂ ಅವರು ದೇಶದ ನಾನಾ ಭಾಗಗಳ ನೀರಿನ ಸಮಸ್ಯೆಗಳಿಗೆ ಸಲಹೆ ನೀಡುತ್ತಲೇ ಇದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. ನೂರು ವರ್ಷಗಳನ್ನು ದಾಟಿದ ಸಾರ್ಥಕ ಜೀವನವನ್ನು ನಡೆಸಿ 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು.

ನಮ್ಮ ಪಾಲಿನ ಕರ್ತವ್ಯ

ವಿಶ್ವೇಶ್ವರಯ್ಯನವರಂತೆ ಕಟ್ಟೆ ಕಟ್ಟುವುದು ನಮ್ಮೆಲ್ಲರಿಂದಾಗದು. ಆದರೆ ಅವರು ಪ್ರತಿ ಊರಿಗೂ ಹೋದೊಡನೆ ಮಾಡುತ್ತಿದ್ದ ಮೊದಲನೆಯ ಕೆಲಸ ನಮ್ಮಿಂದಲೂ ಸಾಧ್ಯ. ಅದು ನೀರನ್ನು ಅಳೆಯುವುದು. ಸೆಪ್ಟೆಂಬರ್ 15ರಂದು ನಾನು ಏಳನೆಯ ಇಯತ್ತೆಯ ಮಕ್ಕಳಿಂದ ಭಾಷಣ ಮಾಡಿಸುವುದರ ಬದಲು ಒಂದು ಪ್ರಯೋಗವನ್ನು ಮಾಡಿಸುತ್ತಿದ್ದೆನು. ಸಂಜೆ ಶಾಲೆ ಬಿಡುವಾಗ ತೊಟ್ಟಿಕ್ಕುವ ನಳದ ಕೆಳಗೆ ಬಕೆಟ್ಟು ಇಟ್ಟು, ಮರುದಿನ ಮುಂಜಾನೆ ಲೀಟರಿನ ಮಾಪಿನಿಂದ ಅಳೆಯುವುದು. ಅದನ್ನು ದಿನಕ್ಕೆ, ತಿಂಗಳಿಗೆ, ವರ್ಷಕ್ಕೆ ಗುಣಿಸುವುದು. ಕಪ್ಪು ಹಲಗೆಯ ಮೇಲೆ ವರ್ಷದ ಲೆಕ್ಕ ಬಂದಾಗ ನದಿದಂಡೆಯ ಮಕ್ಕಳು ಆಶ್ಚರ್ಯಪಡುತ್ತಿದ್ದರು. ಜತ್ತ ಕಡೆಯಿಂದ ಬಂದು ಬಂಧುಗಳ ಮನೆಯಲ್ಲಿದ್ದು ಓದುತ್ತಿದ್ದ ಮಕ್ಕಳಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಆ ನೀರು ತಮ್ಮ ಮನೆಗೆ ಎಷ್ಟು ದಿನ ಬಂದೀತೆಂದು ಅವರು ಆಗಲೇ ಮನಸ್ಸಿನಲ್ಲಿ ಎಣಿಸಿ ಹೇಳುತ್ತಿದ್ದರು. ಆ ಪ್ರಯೋಗ ಮುಗಿದ ವಾರದೊಳಗೆ ಶಾಲೆಯ ನಳಗಳ ವಾಶರುಗಳೆಲ್ಲ ಬದಲಾಗುತ್ತಿದ್ದವು.

ಈ ಶಾಲೆಯಲ್ಲಿ ಓದಿದವರು ಇಂದು ನಾನಾ ಕಡೆಗಳಲ್ಲಿದ್ದಾರೆ. ಕಬ್ಬು ಬೆಳೆಯುವವರು ಹರಿನೀರನ್ನು ಬಿಟ್ಟು ಹನಿ ನೀರಾವರಿಗೆ ಬರಲಿ. ಕಾರಖಾನೆ ನಡೆಸುವವರು ಹೊಲಸು ನೀರನ್ನು ಶುದ್ಧಗೊಳಿಸದೆ ಕೃಷ್ಣೆಗೂ ವಾರಣೆಗೂ ಬಿಡದಿರಲಿ. ಮನೆ ಕಟ್ಟುವವರು ಪೂರರೇಷೆಯೊಳಗೆ ಬಂದು ನದಿಯ ದಾರಿಯನ್ನು ಕಸಿಯದಿರಲಿ. ಛಾವಣಿಯ ಮಳೆನೀರನ್ನು ಬಾವಿಗೆ ಇಳಿಸಲಿ. ತಾಯಂದಿರು ಮಳೆಗಾಲದ ಕೆಂಪು ನೀರನ್ನು ಪಟಕದಿಂದ ತಿಳಿಗೊಳಿಸಿ, ಸೋಸಿ, ಕುದಿಸಿ ಮಕ್ಕಳಿಗೆ ಕೊಡಲಿ. ನಗರಪಾಲಿಕೆಯಲ್ಲಿ, ಗ್ರಾಮ ಪಂಚಾಯತಿಯಲ್ಲಿ ಸ್ಥಾನ ಪಡೆದವರು ವರ್ಷಕ್ಕೊಮ್ಮೆ ನೀರಿನ ಕೊಳವೆಯ ಜೊತೆಗೆ ಗಟಾರವನ್ನೂ ನಡೆದು ನೋಡಲಿ.

ವಿಶ್ವೇಶ್ವರಯ್ಯನವರು ನೀರನ್ನು ದೇವರೆಂದು ಬರಿದೇ ಕೈಮುಗಿದು ಕೂಡಲಿಲ್ಲ. ಅದರ ಹನಿಹನಿಗೂ ಲೆಕ್ಕವಿಟ್ಟು ಇಲ್ಲದವರ ಮನೆಯವರೆಗೆ ಅದನ್ನು ತಲುಪಿಸಿದರು. ಸುವರ್ಣ ಮಹೋತ್ಸವದ ನೆನಪಿಗಾಗಿ ನಮ್ಮ ಶಾಲೆಯ ಆವರಣದಲ್ಲಿ ಮಳೆನೀರಿನ ಕೊಯ್ಲಿನ ವ್ಯವಸ್ಥೆಯಾಗಲೆಂದೂ, ಅದರ ಅಳತೆಯ ಪುಸ್ತಕವನ್ನು ಮಕ್ಕಳೇ ಬರೆದಿಡುವಂತಾಗಲೆಂದೂ ಹಾರೈಸುತ್ತೇನೆ. ಶತಮಾನೋತ್ಸವವನ್ನು ಆಚರಿಸುವ ಮಕ್ಕಳಿಗೆ ಆ ಪುಸ್ತಕದ ಐವತ್ತು ವರ್ಷಗಳ ಲೆಕ್ಕ ಓದಲು ಸಿಗಲಿ.